ಮಳೆಗಾಲದಲ್ಲಿ ಹುದುಗದ ಹಿಟ್ಟು, ಚಳಿಗಾಲದಲ್ಲಿ ಗಟ್ಟಿಯಾಗುವ ಜೇನು: ಅಡುಗೆಮನೆಯ ಉಷ್ಣಾಂಶ ಮಾಡುವ ಕೆಲಸ

ಪ್ರಶ್ನೆ: ನನ್ನ ತವರು ಶಿವಮೊಗ್ಗ ನಗರ. ಮದುವೆಯಾದ ಮೇಲೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಗೆ ಹತ್ತಿರದ ಹಳ್ಳಿಯೊಂದರಲ್ಲಿದ್ದೇನೆ. ತವರಿನಲ್ಲಿ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ತುಂಬ ಉಬ್ಬಿರುತ್ತಿತ್ತು. ಇಲ್ಲಿ ಮಳೆಗಾಲದಲ್ಲಿ ಅದೇ ಅಳತೆಯ ಹಿಟ್ಟು ಇಟ್ಟ ಹಾಗೆಯೇ ಇರುತ್ತದೆ. ಮೊಸರು ಮಧ್ಯಾಹ್ನವಾದರೂ ಹೆಪ್ಪಾಗುವುದಿಲ್ಲ, ಆದರೂ ಲೋಳೆಲೋಳೆಯಾಗಿರುತ್ತದೆ. ಡಿಸೆಂಬರ್ ಬಂದರೆ ತೆಂಗಿನೆಣ್ಣೆ, ಜೇನುತುಪ್ಪ ಎರಡೂ ಗಟ್ಟಿ. ಜೇನಿನಲ್ಲಿ ಸಕ್ಕರೆ ಬೆರೆಸಿದ್ದಾರೆಂದು ಮನೆಯಲ್ಲಿ ಅನುಮಾನ. ಫ್ರಿಜ್‌ನಲ್ಲಿಟ್ಟರೆ ಬಾಳೆಹಣ್ಣು ಕಪ್ಪಾಗುತ್ತದೆ, ಅನ್ನ ಬಿರುಸಾಗುತ್ತದೆ. ಬಿಸಿ ಅಡುಗೆಯನ್ನು ಫ್ರಿಜ್‌ಗೆ ಇಡಬಾರದು ಎಂದು ಅತ್ತೆಯವರು ಹೇಳುತ್ತಾರೆ. ಪಾಯಸಕ್ಕೆ ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ. ಮಾವನವರು ಕಾಫಿಯನ್ನು ಒಲೆಯಿಂದ ಇಳಿಸಿದ ಕೂಡಲೇ ಕುಡಿಯುತ್ತಾರೆ; ಅಷ್ಟು ಬಿಸಿ ಒಳ್ಳೆಯದೇ? ಇವೆಲ್ಲಕ್ಕೂ ಸಂಬಂಧವಿದೆಯೇ, ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಂಬಂಧವಿದೆ. ನೀವು ಬರೆದ ಎಲ್ಲ ತೊಂದರೆಗಳ ಹಿಂದೆಯೂ ಇರುವುದು ಉಷ್ಣಾಂಶ. ನಮ್ಮಲ್ಲಿ ಅಡುಗೆಯ ವಿಧಾನವನ್ನು ಹೇಳಿಕೊಡುವವರು ಸಾಮಾನ್ಯವಾಗಿ ಹೊತ್ತನ್ನು ಹೇಳುತ್ತಾರೆ: ಹಿಟ್ಟನ್ನು ರಾತ್ರಿಯಿಡೀ ಬಿಡಿ, ಹೆಪ್ಪು ಹಾಕಿ ಆರು ಗಂಟೆ ಬಿಡಿ, ಹೀಗೆ. ಹಿಟ್ಟಿನೊಳಗೆ ನಡೆಯುವ ಕ್ರಿಯೆಗೆ ಮಾತ್ರ ಗಡಿಯಾರದ ಅರಿವಿಲ್ಲ. ಅದು ಎಷ್ಟು ಬೇಗ ಸಾಗಬೇಕೆಂಬುದನ್ನು ಸುತ್ತಲಿನ ಬಿಸಿ ತೀರ್ಮಾನಿಸುತ್ತದೆ. ಏಪ್ರಿಲ್ ತಿಂಗಳ ಶಿವಮೊಗ್ಗದ ಒಂದು ರಾತ್ರಿಗೂ ಜುಲೈ ತಿಂಗಳ ಆಗುಂಬೆ ಸೀಮೆಯ ಒಂದು ರಾತ್ರಿಗೂ ಹಿಟ್ಟಿನ ಲೆಕ್ಕದಲ್ಲಿ ಬಹಳ ಅಂತರವಿದೆ. ತವರಿನ ಅಳತೆಯೂ ಕೈಗುಣವೂ ಸರಿಯಾಗಿಯೇ ಇವೆ. ನಿಮ್ಮೊಡನೆ ಬಾರದೆ ಉಳಿದದ್ದು ತವರಿನ ಬಿಸಿಲು.

ಮೊದಲು ದೋಸೆಹಿಟ್ಟನ್ನು ನೋಡೋಣ, ಏಕೆಂದರೆ ಅಲ್ಲಿ ತಿಳಿದುಕೊಳ್ಳಬೇಕಾದದ್ದು ಹೆಚ್ಚಿದೆ. ಅಕ್ಕಿ ಮತ್ತು ಉದ್ದಿನಬೇಳೆಯ ಮೇಲೆ ಸಹಜವಾಗಿಯೇ ಇರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು, ಅದರಲ್ಲೂ ಮುಖ್ಯವಾಗಿ ಲ್ಯೂಕೋನಾಸ್ಟಾಕ್ ಎಂಬ ಗುಂಪಿನವು, ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ಉಪಯೋಗಿಸಿಕೊಂಡು ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತವೆ. ಆಮ್ಲದಿಂದ ಹುಳಿ ಬರುತ್ತದೆ, ಅನಿಲದಿಂದ ಉಬ್ಬು ಬರುತ್ತದೆ. ಉದ್ದಿನಲ್ಲಿರುವ ಪ್ರೋಟೀನು ಮತ್ತು ಲೋಳೆಯಂಶ ಆ ಅನಿಲದ ಗುಳ್ಳೆಗಳನ್ನು ಹೊರಹೋಗದಂತೆ ಹಿಡಿದಿಡುತ್ತವೆ. ಈ ಬ್ಯಾಕ್ಟೀರಿಯಾಗಳು ಚುರುಕಾಗಿ ಬೆಳೆಯುವುದು ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ. ಇಂತಹ ಕ್ರಿಯೆಗಳಲ್ಲಿ ಉಷ್ಣಾಂಶ 10 ಡಿಗ್ರಿ ಇಳಿದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಸ್ಥೂಲವಾದ ಒಂದು ನಿಯಮ. ಅಂದರೆ 30 ಡಿಗ್ರಿಯಲ್ಲಿ ಎಂಟು ಗಂಟೆಯಲ್ಲಿ ಹುದುಗುವ ಹಿಟ್ಟಿಗೆ 20 ಡಿಗ್ರಿಯಲ್ಲಿ ಹದಿನಾರು ಗಂಟೆ ಬೇಕಾದರೆ ಆಶ್ಚರ್ಯಪಡಬೇಕಿಲ್ಲ. ಜಡಿಮಳೆ ಹಿಡಿದ ದಿನಗಳಲ್ಲಿ ಬಿಸಿಲೇ ಕಾಣದ ಮಲೆನಾಡಿನ ಅಡುಗೆಮನೆಯ ಮೂಲೆಯಲ್ಲಿ ಉಷ್ಣಾಂಶ ಇರುವುದೇ 20-22 ಡಿಗ್ರಿಯ ಆಸುಪಾಸಿನಲ್ಲಿ.

ಆದ್ದರಿಂದ ನಿಮ್ಮ ಮುಂದಿರುವ ದಾರಿಗಳು ಎರಡು: ಹಿಟ್ಟಿಗೆ ಹೊತ್ತು ಕೊಡುವುದು, ಇಲ್ಲವೇ ಬಿಸಿ ಕೊಡುವುದು. ಹೊತ್ತು ಕೊಡುವುದಾದರೆ ರಾತ್ರಿ ರುಬ್ಬುವ ಬದಲು ಮಧ್ಯಾಹ್ನವೇ ರುಬ್ಬಿಡಿ. ಬಿಸಿ ಕೊಡುವುದಾದರೆ ರುಬ್ಬುವ ನೀರು ಉಗುರುಬೆಚ್ಚಗಿರಲಿ. ಹಿಟ್ಟು ಪಾತ್ರೆಗೆ ಬೀಳುವಾಗಲೇ 30 ಡಿಗ್ರಿಯ ಹತ್ತಿರವಿದ್ದರೆ ಅರ್ಧ ಕೆಲಸ ಮುಗಿದಂತೆ. ಬೇಸಿಗೆಯಲ್ಲಿ ಮಿಕ್ಸಿಯ ಬಿಸಿ ಹಿಟ್ಟನ್ನು ಕೆಡಿಸುತ್ತದೆ ಎಂದು ತಣ್ಣೀರು ಹಾಕುತ್ತೇವಲ್ಲ, ಮಳೆಗಾಲದಲ್ಲಿ ಅದೇ ಬಿಸಿ ಉಪಕಾರಕ್ಕೆ ಬರುತ್ತದೆ. ಹಿಂದಿನ ದಿನದ ಹುಳಿಹಿಟ್ಟು ಒಂದು ಸೌಟಿನಷ್ಟು ಉಳಿದಿದ್ದರೆ ಬೆರೆಸಿ. ಬ್ಯಾಕ್ಟೀರಿಯಾಗಳ ಸಂಖ್ಯೆ ಮೊದಲೇ ಹೆಚ್ಚಿರುವುದರಿಂದ ಆರಂಭದ ವಿಳಂಬ ತಪ್ಪುತ್ತದೆ. ಉಪ್ಪು ಹುದುಗನ್ನು ಸ್ವಲ್ಪ ನಿಧಾನಗೊಳಿಸುವುದರಿಂದ ಈ ಕಾಲದಲ್ಲಿ ಅದನ್ನು ಬೆಳಿಗ್ಗೆ ಬೆರೆಸುವುದು ಮೇಲು.

ಪಾತ್ರೆಯನ್ನು ಎಲ್ಲಿ ಇಡುತ್ತೀರಿ ಎಂಬುದು ಇವೆಲ್ಲಕ್ಕಿಂತ ಮುಖ್ಯ. ಕಂಬಳಿಯಲ್ಲಿ ಸುತ್ತಿಡುವುದನ್ನು ಹಲವರು ಮಾಡುತ್ತಾರೆ. ಕಂಬಳಿ ಇದ್ದ ಬಿಸಿಯನ್ನು ಉಳಿಸುತ್ತದೆಯೇ ಹೊರತು ತಾನಾಗಿ ಬಿಸಿಯನ್ನು ಕೊಡುವುದಿಲ್ಲ. ತಣ್ಣಗಿನ ಹಿಟ್ಟನ್ನು ಕಂಬಳಿಯಲ್ಲಿ ಸುತ್ತಿದರೆ ಅದು ತಣ್ಣಗೇ ಉಳಿಯುತ್ತದೆ. ಬೆಚ್ಚಗಿನ ಹಿಟ್ಟನ್ನು ಸುತ್ತಿದರೆ ಮಾತ್ರ ಪ್ರಯೋಜನ. ನಿಮ್ಮ ಮನೆಯಲ್ಲಿ ಬಚ್ಚಲೊಲೆ ಇದ್ದರೆ, ಸಂಜೆ ಉರಿ ಹಾಕಿ ಕೆಂಡ ಮಾತ್ರ ಉಳಿದ ಮೇಲೆ ಅದರ ಹತ್ತಿರದ ಕಟ್ಟೆಯ ಮೇಲಿಟ್ಟ ಹಿಟ್ಟು ಬೆಳಗಿನವರೆಗೂ ಬೆಚ್ಚಗಿರುತ್ತದೆ. ಅದಿಲ್ಲದವರು ದೊಡ್ಡ ಪಾತ್ರೆಯಲ್ಲಿ 40 ಡಿಗ್ರಿಯಷ್ಟು ಬೆಚ್ಚಗಿನ ನೀರು ತುಂಬಿ, ಅದರಲ್ಲಿ ಹಿಟ್ಟಿನ ಪಾತ್ರೆಯನ್ನಿಟ್ಟು, ಮೇಲೆ ದಪ್ಪ ಬಟ್ಟೆ ಹೊದಿಸಬಹುದು. ನೀರು ಬಹಳ ನಿಧಾನವಾಗಿ ಆರುವ ವಸ್ತುವಾದ್ದರಿಂದ ಈ ಉಪಾಯ ನಂಬಿಕೆಗೆ ಯೋಗ್ಯ. ಆದರೆ ಬಿಸಿ ಹೆಚ್ಚಾದರೂ ಒಳ್ಳೆಯದಲ್ಲ. 35 ಡಿಗ್ರಿ ದಾಟಿದ ಹಿಟ್ಟಿನಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು, ಹುಳಿ ಬೇಗ ಏರಿ, ಉಬ್ಬು ಅದಕ್ಕೆ ತಕ್ಕಷ್ಟು ಬರುವುದಿಲ್ಲ. ಮೇ ತಿಂಗಳಲ್ಲಿ ಬಯಲುಸೀಮೆಯ ದೋಸೆಹಿಟ್ಟು ಹುಳಿಯಾಗಿಯೂ ಚಪ್ಪಟೆಯಾಗಿಯೂ ಇರುವುದಕ್ಕೆ ಇದೇ ಕಾರಣ.

ಮೊಸರಿಗೆ ಬೇಕಾದ ಬಿಸಿ ಇದಕ್ಕಿಂತ ಹೆಚ್ಚು. ಗಟ್ಟಿ ಮೊಸರನ್ನು ಕೊಡುವ ಬ್ಯಾಕ್ಟೀರಿಯಾಗಳು 40ರಿಂದ 43 ಡಿಗ್ರಿಯಲ್ಲಿ ಅತ್ಯಂತ ಚುರುಕಾಗಿರುತ್ತವೆ. ಅವು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ, ಹಾಲಿನ ಆಮ್ಲೀಯತೆ ಪಿಎಚ್ 4.6ರ ಸಮೀಪಕ್ಕೆ ಬಂದಾಗ ಕೇಸೀನ್ ಎಂಬ ಪ್ರೋಟೀನು ಬಲೆಯಂತೆ ಒಂದಕ್ಕೊಂದು ಹೆಣೆದುಕೊಂಡು ಹೆಪ್ಪಾಗುತ್ತದೆ. ನಮ್ಮ ಮನೆಗಳ ಹೆಪ್ಪಿನಲ್ಲಿ ಇವುಗಳ ಜೊತೆಗೆ ಇನ್ನೊಂದು ಗುಂಪೂ ಇರುತ್ತದೆ. ಅದಕ್ಕೆ 20ರಿಂದ 30 ಡಿಗ್ರಿ ಹಿತವೆನಿಸುತ್ತದೆ. ಹಾಲು ಬೇಗ ಆರಿಹೋದರೆ ಮೊದಲಿನ ಗುಂಪು ಹಿಂದೆ ಬಿದ್ದು ಎರಡನೆಯದು ಮುಂದೆ ಬರುತ್ತದೆ. ಆ ಎರಡನೆಯ ಗುಂಪಿನ ಕೆಲವು ತಳಿಗಳು ಕಡಿಮೆ ಉಷ್ಣಾಂಶದಲ್ಲಿ ಅಂಟಾದ ಲೋಳೆಯನ್ನು ಹೆಚ್ಚಾಗಿ ಉತ್ಪಾದಿಸುತ್ತವೆ. ಚಮಚೆಯಲ್ಲಿ ಎತ್ತಿದರೆ ನೂಲಿನ ಹಾಗೆ ಎಳೆಯುವ ನಿಮ್ಮ ಮಳೆಗಾಲದ ಮೊಸರಿನ ಲೋಳೆ ಬಹುಮಟ್ಟಿಗೆ ಇದೇ. ಪ್ರತಿದಿನ ಅದೇ ಮೊಸರನ್ನು ಹೆಪ್ಪಿಗೆ ಬಳಸಿದರೆ ಆ ತಳಿಗಳೇ ಮನೆಯಲ್ಲಿ ನೆಲೆಗೊಳ್ಳುತ್ತವೆ. ಹಾಗಾಗಿ ಮೊದಲು ಮಾಡಬೇಕಾದದ್ದು ಹೆಪ್ಪನ್ನು ಬದಲಿಸುವುದು: ಗಟ್ಟಿಯಾಗಿ, ಲೋಳೆಯಿಲ್ಲದೆ ಮೊಸರಾಗುವ ಮನೆಯಿಂದ ಒಂದು ಚಮಚೆ ತನ್ನಿ.

ಎರಡನೆಯದಾಗಿ ಹಾಲನ್ನು ಉಕ್ಕು ಬಂದ ಕೂಡಲೇ ಇಳಿಸದೆ, ಸಣ್ಣ ಉರಿಯಲ್ಲಿ ಇನ್ನೂ ಐದಾರು ನಿಮಿಷ ಕಾಯಿಸಿ. 85 ಡಿಗ್ರಿ ಮೀರಿದ ಹಾಲಿನಲ್ಲಿ ಮೊಸರುನೀರಿನ ಪ್ರೋಟೀನುಗಳು ತಮ್ಮ ಸ್ವರೂಪ ಕಳೆದುಕೊಂಡು ಕೇಸೀನಿಗೆ ಅಂಟಿಕೊಳ್ಳುತ್ತವೆ. ಇದರಿಂದ ಮೊಸರು ನೀರು ಬಿಡದೆ ಗಟ್ಟಿಯಾಗಿ ನಿಲ್ಲುತ್ತದೆ. ಪ್ಯಾಕೆಟ್ ಹಾಲು ಡೇರಿಯಲ್ಲಿ ಪಾಶ್ಚರೀಕರಣವಾಗಿ ಬಂದಿರುತ್ತದೆ, ಅಂದರೆ ಸಾಮಾನ್ಯವಾಗಿ 72 ಡಿಗ್ರಿಯಲ್ಲಿ 15 ಸೆಕೆಂಡು ಬಿಸಿಯಾಗಿರುತ್ತದೆ. ರೋಗಾಣುಗಳನ್ನು ಕೊಲ್ಲಲು ಅಷ್ಟು ಸಾಕು, ಗಟ್ಟಿ ಮೊಸರಿಗೆ ಸಾಲದು. ಕಾಯಿಸಿದ ಹಾಲು ಆರುತ್ತಾ ಬೆರಳಿಗೆ ಸ್ಪಷ್ಟವಾಗಿ ಬಿಸಿಯೆನಿಸಿಯೂ ಹತ್ತು ಸೆಕೆಂಡು ತಾಳಿಕೊಳ್ಳುವಂತಿದ್ದಾಗ ಹೆಪ್ಪು ಹಾಕಿ. ನಮ್ಮ ಮೈಯ ಉಷ್ಣಾಂಶ 37 ಡಿಗ್ರಿಯಾದ್ದರಿಂದ, ಬೆರಳಿಗೆ ಏನೂ ಅನ್ನಿಸದ ಹಾಲು ಆಗಲೇ ತಣಿದಿದೆ ಎಂದು ತಿಳಿಯಬೇಕು. ಹೆಪ್ಪು ಹಾಕಿದ ಹಾಲನ್ನು ಅಗಲವಾದ ತಪ್ಪಲೆಗಿಂತ ಆಳವಾದ ಪಾತ್ರೆಯಲ್ಲಿಡಿ. ಮೇಲ್ಮೈ ಕಡಿಮೆಯಾದಷ್ಟೂ ಬಿಸಿ ಕಡಿಮೆ ಸೋರುತ್ತದೆ. ಮಳೆಗಾಲದಲ್ಲಿ ನಾನು ಎಲ್ಲರಿಗೂ ಹೇಳುವ ಅತ್ಯಂತ ಸರಳ ಉಪಾಯವೆಂದರೆ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್. ಅದನ್ನು ಬಿಸಿನೀರಿನಿಂದ ತೊಳೆದು, ಹೆಪ್ಪು ಬೆರೆಸಿದ ಹಾಲು ತುಂಬಿ ಮುಚ್ಚಿದರೆ ಐದಾರು ಗಂಟೆಯಲ್ಲಿ ಮೊಸರು ಸಿದ್ಧ. ಆದ ಕೂಡಲೇ ಬೇರೆ ಪಾತ್ರೆಗೆ ತೆಗೆದು ತಣ್ಣಗಿಡದಿದ್ದರೆ ಮಾತ್ರ ಹುಳಿ ಏರುತ್ತಲೇ ಹೋಗುತ್ತದೆ.

ಮೊಸರಿನ ಮಾತು ಬಂದಾಗ, ನೀವು ಕೇಳದಿದ್ದರೂ, ಬೆಣ್ಣೆಯ ವಿಷಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹಿರಿಯ ಹೆಂಗಸರ ಅನುಭವಜ್ಞಾನ ಎಷ್ಟು ನಿಖರವಾದದ್ದು ಎಂಬುದಕ್ಕೆ ಅದು ಸಾಕ್ಷಿ. ಕಡೆಯುವಾಗ ಚಳಿಗಾಲದಲ್ಲಿ ಒಂದು ಚೊಂಬು ಬಿಸಿನೀರನ್ನೂ ಬೇಸಿಗೆಯಲ್ಲಿ ತಣ್ಣೀರನ್ನೂ ಹೊಯ್ಯುವ ಪದ್ಧತಿ ನಮ್ಮಲ್ಲಿದೆ. ಹಾಲಿನ ಕೊಬ್ಬು ಒಂದೇ ಉಷ್ಣಾಂಶದಲ್ಲಿ ಕರಗುವ ವಸ್ತುವಲ್ಲ. ಅದರ ಒಂದು ಭಾಗ ಬಹಳ ತಣ್ಣಗಿರುವಾಗಲೂ ದ್ರವವಾಗಿಯೇ ಇರುತ್ತದೆ, ಕೊನೆಯ ಭಾಗ ಕರಗಲು 40 ಡಿಗ್ರಿಯ ಹತ್ತಿರ ಬರಬೇಕು. ಕಡೆದಾಗ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ ಬೆಣ್ಣೆಯ ಮುದ್ದೆಯಾಗಬೇಕಾದರೆ ಅವು ಅರ್ಧ ಗಟ್ಟಿ, ಅರ್ಧ ಮೆತ್ತಗೆ ಇರಬೇಕು. ಮೊಸರಿಗೆ ಇದು 15ರಿಂದ 20 ಡಿಗ್ರಿಯ ಸುಮಾರಿನಲ್ಲಿ ಕೂಡಿಬರುತ್ತದೆ. ಡಿಸೆಂಬರಿನ ಬೆಳಗಿನ ಜಾವದಲ್ಲಿ ಕಣಗಳು ತೀರ ಗಟ್ಟಿಯಾಗಿ ಅಂಟುವುದೇ ಇಲ್ಲ. ಏಪ್ರಿಲ್ ಮಧ್ಯಾಹ್ನ ಅವು ಎಣ್ಣೆಯಂತಾಗಿ ಮಜ್ಜಿಗೆಯಲ್ಲೇ ಹರಡಿಹೋಗುತ್ತವೆ. ಥರ್ಮಾಮೀಟರನ್ನೇ ಕಾಣದ ಕೈಗಳು ಒಂದು ಚೊಂಬು ನೀರಿನಿಂದ ಈ ಹದವನ್ನು ಹಿಡಿಯುತ್ತಿದ್ದವು.

ತೆಂಗಿನೆಣ್ಣೆಯೂ ಇದೇ ನಿಯಮಕ್ಕೆ ಸೇರಿದ್ದು. ಅದರಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲವೆಂಬ ಪರ್ಯಾಪ್ತ ಕೊಬ್ಬಿನಾಮ್ಲವಿದೆ, ಎಣ್ಣೆಯ ಕರಗುವ ಬಿಂದು 24-25 ಡಿಗ್ರಿ. ಮಲೆನಾಡಿನ ಚಳಿಗಾಲದ ರಾತ್ರಿ ಅದಕ್ಕಿಂತ ಬಹಳ ತಣ್ಣಗಿರುವುದರಿಂದ ಎಣ್ಣೆ ಹೆಪ್ಪುಗಟ್ಟುವುದು ಸಹಜ, ಮತ್ತೆ ಕರಗಿಸಿದರೆ ಯಾವ ಗುಣವೂ ಕೆಡುವುದಿಲ್ಲ. ಶೇಂಗಾ, ಎಳ್ಳು, ಸೂರ್ಯಕಾಂತಿ ಎಣ್ಣೆಗಳಲ್ಲಿ ಅಪರ್ಯಾಪ್ತ ಕೊಬ್ಬು ಹೆಚ್ಚಿರುವುದರಿಂದ ಅವು ನಮ್ಮ ಚಳಿಗೆ ಗಟ್ಟಿಯಾಗುವುದಿಲ್ಲ. ತೆಂಗಿನೆಣ್ಣೆಯನ್ನು ಫ್ರಿಜ್‌ನಲ್ಲಿಟ್ಟಾಗ ಒಂದು ಪದರ ಗಟ್ಟಿಯಾಗದೆ ಮೇಲೆ ತೇಲುತ್ತಿದ್ದರೆ ಬೇರೆ ಎಣ್ಣೆ ಬೆರೆತಿರಬಹುದೆಂದು ಸಂಶಯಪಡಬಹುದು. ಪೂರ್ತಿ ಗಟ್ಟಿಯಾದದ್ದಕ್ಕೆ ಸಂಶಯಪಡಬೇಕಿಲ್ಲ.

ಜೇನಿನ ವಿಷಯದಲ್ಲಿ, ಗಟ್ಟಿಯಾಗಿದೆ ಎಂಬ ಒಂದೇ ಕಾರಣಕ್ಕೆ ಜೇನು ಕೊಟ್ಟವರನ್ನು ದೂರುವುದು ಅನ್ಯಾಯ. ಜೇನುತುಪ್ಪವೆಂದರೆ ನೀರು ಸಹಜವಾಗಿ ಕರಗಿಸಿಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಸಕ್ಕರೆಯನ್ನು ಹಿಡಿದಿಟ್ಟುಕೊಂಡ ದ್ರಾವಣ. ಅದರಲ್ಲಿ ಮುಖ್ಯವಾಗಿ ಫ್ರಕ್ಟೋಸ್ ಮತ್ತು ಗ್ಲೂಕೋಸ್ ಇವೆ. ಗ್ಲೂಕೋಸ್ ನೀರಿನಲ್ಲಿ ಅಷ್ಟಾಗಿ ಕರಗದ ಕಾರಣ ಅದೇ ಮೊದಲು ಹರಳಾಗುತ್ತದೆ. ಯಾವ ಹೂವಿನ ಮಕರಂದದಲ್ಲಿ ಗ್ಲೂಕೋಸ್ ಹೆಚ್ಚೋ ಆ ಜೇನು ಬೇಗ ಗಟ್ಟಿಯಾಗುತ್ತದೆ. ಹರಳುಗಟ್ಟುವಿಕೆ ಅತ್ಯಂತ ವೇಗವಾಗಿ ನಡೆಯುವುದು ಸುಮಾರು 14 ಡಿಗ್ರಿಯಲ್ಲಿ, ನಿಮ್ಮ ಊರಿನ ಡಿಸೆಂಬರ್ ರಾತ್ರಿಯ ಚಳಿ ಅದಕ್ಕೆ ಹೇಳಿಮಾಡಿಸಿದಂತಿದೆ. ಫ್ರಿಜ್‌ನ 4 ಡಿಗ್ರಿಯಲ್ಲಿ ಜೇನು ಎಷ್ಟು ಮಂದವಾಗುತ್ತದೆಂದರೆ ಹರಳು ಬೆಳೆಯುವುದೇ ನಿಧಾನವಾಗುತ್ತದೆ. ಹಾಗೆಂದು ಹರಳುಗಟ್ಟಿದ್ದೆಲ್ಲ ಶುದ್ಧ ಎಂದೂ ಹೇಳುವಂತಿಲ್ಲ. ಬೆರಕೆಯ ಸಕ್ಕರೆಯೂ ಹರಳಾಗಬಲ್ಲದು. ಜೇನಿನ ಶುದ್ಧತೆಯನ್ನು ಮನೆಯಲ್ಲಿ ತೀರ್ಮಾನಿಸುವ ನೆಚ್ಚಬಹುದಾದ ಪರೀಕ್ಷೆ ಇಲ್ಲ, ಪ್ರಯೋಗಾಲಯವೇ ಬೇಕು.

ಮಲೆನಾಡಿನ ಜೇನಿನಲ್ಲಿ ನನಗೆ ಹೆಚ್ಚು ಚಿಂತೆಯಾಗುವುದು ಹರಳಿಗಿಂತ ತೇವಾಂಶದ ಬಗ್ಗೆ. ನಮ್ಮ ಗಾಳಿಯಲ್ಲಿ ತೇವ ಹೆಚ್ಚು. ತುಡುವೆಯಾಗಲಿ ಹೆಜ್ಜೇನಾಗಲಿ, ಹುಳುಗಳು ಮೇಣದಿಂದ ಪೂರ್ತಿ ಮುಚ್ಚುವ ಮೊದಲೇ ತೆಗೆದ ತುಪ್ಪದಲ್ಲಿ ನೀರಿನಂಶ ನೂರಕ್ಕೆ 20ನ್ನು ಮೀರಿರುವುದುಂಟು. ಅಂತಹ ಜೇನಿನಲ್ಲಿ ಯೀಸ್ಟ್ ಬೆಳೆದು ನೊರೆ ಬಂದು ಹುಳಿವಾಸನೆ ಹಿಡಿಯುತ್ತದೆ. ಗ್ಲೂಕೋಸ್ ಹರಳಾಗಿ ಬೇರ್ಪಟ್ಟಾಗ ಉಳಿದ ದ್ರವದಲ್ಲಿ ನೀರಿನ ಪಾಲು ಇನ್ನೂ ಹೆಚ್ಚುವುದರಿಂದ, ಅರ್ಧ ಹರಳಾದ ಜೇನು ಬೇಗ ಕೆಡುತ್ತದೆ. ಆದ್ದರಿಂದ ಬಾಟಲಿಯನ್ನು ಬಿಗಿಯಾಗಿ ಮುಚ್ಚಿಡಿ, ಒದ್ದೆ ಚಮಚೆ ಹಾಕಬೇಡಿ. ಹರಳನ್ನು ಕರಗಿಸಬೇಕಾದರೆ ಬಾಟಲಿಯನ್ನು 40-45 ಡಿಗ್ರಿಯ, ಅಂದರೆ ಕೈ ಇಡಬಹುದಾದಷ್ಟೇ ಬಿಸಿಯಾದ ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ. ಜೇನುಗೂಡಿನಲ್ಲಿ ಮರಿಗಳಿರುವ ಭಾಗವನ್ನು ಹುಳುಗಳು 34-35 ಡಿಗ್ರಿಯಲ್ಲೇ ಕಾಯ್ದುಕೊಳ್ಳುತ್ತವೆ, ಹಾಗಾಗಿ ಇಷ್ಟು ಬಿಸಿ ಜೇನಿಗೆ ತೀರ ಹೊಸದೇನಲ್ಲ. ನೇರವಾಗಿ ಒಲೆಯ ಮೇಲಿಟ್ಟು ಕುದಿಸಿದರೆ ಅದರ ಕಿಣ್ವಗಳು ನಾಶವಾಗುತ್ತವೆ, ಪರಿಮಳ ಹಾರುತ್ತದೆ, ಹೈಡ್ರಾಕ್ಸಿಮೀಥೈಲ್ ಫರ್ಫ್ಯೂರಾಲ್ ಎಂಬ ವಸ್ತು ಹೆಚ್ಚುತ್ತದೆ. ಈ ವಸ್ತುವಿನ ಪ್ರಮಾಣ ನೋಡಿಯೇ ಜೇನು ಅತಿಯಾಗಿ ಬಿಸಿಯಾಗಿದೆಯೇ ಎಂದು ಪರೀಕ್ಷಕರು ಗುರುತಿಸುತ್ತಾರೆ.

ಇನ್ನು ಫ್ರಿಜ್. ತಣ್ಣಗಿಟ್ಟದ್ದೆಲ್ಲ ಚೆನ್ನಾಗಿ ಉಳಿಯುತ್ತದೆ ಎಂಬ ಭಾವನೆಯನ್ನು ಮೊದಲು ಬಿಡಬೇಕು. ಬಾಳೆ ಉಷ್ಣವಲಯದ ಗಿಡ. ಸುಮಾರು 13 ಡಿಗ್ರಿಗಿಂತ ಕೆಳಗೆ ಅದರ ಹಣ್ಣಿನ ಜೀವಕೋಶಗಳ ಪೊರೆಗಳು ಹಾನಿಗೊಂಡು, ಬೇರೆ ಬೇರೆಯಾಗಿದ್ದ ಕಿಣ್ವಗಳೂ ಫೀನಾಲ್ ಎಂಬ ವಸ್ತುಗಳೂ ಸೇರಿ ಸಿಪ್ಪೆ ಕಪ್ಪಾಗುತ್ತದೆ. ಪೂರ್ತಿ ಹಣ್ಣಾದ ಮೇಲೆ ಇಟ್ಟರೆ ಒಳಗಿನ ತಿರುಳು ಒಂದೆರಡು ದಿನ ತಿನ್ನುವಂತಿರುತ್ತದೆ. ದೋರೆಗಾಯನ್ನು ಇಟ್ಟರೆ ಅದು ಮತ್ತೆ ಸರಿಯಾಗಿ ಹಣ್ಣಾಗುವುದೇ ಇಲ್ಲ. ಆಲೂಗಡ್ಡೆಯಲ್ಲಿ ತಣ್ಣಗೆ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಂದುಗಟ್ಟಿ ಕಹಿಯಾಗುತ್ತದೆ, ಅಕ್ರಿಲಮೈಡ್ ಎಂಬ ಹಾನಿಕರ ವಸ್ತುವೂ ಹೆಚ್ಚುತ್ತದೆ. ಟೊಮೆಟೊ ಪರಿಮಳ ಕಳೆದುಕೊಳ್ಳುತ್ತದೆ. ಇವು ಮೂರನ್ನೂ ಗಾಳಿಯಾಡುವ ಬುಟ್ಟಿಯಲ್ಲಿ, ಹೊರಗೇ ಇಡಿ.

ಅನ್ನ ಬಿರುಸಾಗುವುದು ಒಣಗಿದ್ದರಿಂದ ಎಂದು ಬಹಳ ಜನ ತಿಳಿದಿದ್ದಾರೆ. ಮುಚ್ಚಿಟ್ಟ ಅನ್ನವೂ ಬಿರುಸಾಗುತ್ತದೆ. ಅಕ್ಕಿ ಬೇಯುವಾಗ, 70 ಡಿಗ್ರಿಯ ಆಸುಪಾಸಿನಲ್ಲಿ, ಪಿಷ್ಟದ ಕಣಗಳು ನೀರು ಹೀರಿ ಸಡಿಲಗೊಂಡು ಮೆತ್ತಗಾಗುತ್ತವೆ. ಆರಿದ ಮೇಲೆ ಆ ಪಿಷ್ಟದ ಎಳೆಗಳು ನಿಧಾನವಾಗಿ ಮತ್ತೆ ಒತ್ತೊತ್ತಾಗಿ ಜೋಡಿಕೊಂಡು ಗಟ್ಟಿಯಾಗುತ್ತವೆ. ಈ ಮರುಜೋಡಣೆ ಅತ್ಯಂತ ವೇಗವಾಗಿ ನಡೆಯುವುದು ಹೆಪ್ಪುಗಟ್ಟುವ ಬಿಂದುವಿಗಿಂತ ತುಸು ಮೇಲೆ, ಅಂದರೆ ಸರಿಯಾಗಿ ಫ್ರಿಜ್‌ನ ಉಷ್ಣಾಂಶದಲ್ಲಿ. ಕಡುಬು, ಅಕ್ಕಿರೊಟ್ಟಿ, ಬ್ರೆಡ್ಡುಗಳಿಗೂ ಇದೇ ಆಗುತ್ತದೆ. ಪರಿಹಾರ ಸುಲಭ: ಸ್ವಲ್ಪ ನೀರು ಚಿಮುಕಿಸಿ ಹಬೆಯಲ್ಲಿ ಚೆನ್ನಾಗಿ ಬಿಸಿ ಮಾಡಿದರೆ ಎಳೆಗಳು ಮತ್ತೆ ಬಿಡಿಸಿಕೊಂಡು ಅನ್ನ ಮೆತ್ತಗಾಗುತ್ತದೆ.

ಬಿರುಸಾಗುತ್ತದೆಂದು ಉಳಿದ ಅನ್ನವನ್ನು ಹೊರಗೇ ಬಿಡುವುದು ಮಾತ್ರ ತಪ್ಪು, ಇದನ್ನು ಒತ್ತಿ ಹೇಳುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ, ಅವು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಬೆಳೆದು ವಾಂತಿ ತರಿಸುವ ವಿಷವನ್ನು ಉತ್ಪಾದಿಸಬಲ್ಲವು. ಆ ವಿಷ ಒಮ್ಮೆ ಉಂಟಾದ ಮೇಲೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. 121 ಡಿಗ್ರಿಯನ್ನೂ ಅದು ತಾಳಿಕೊಳ್ಳುತ್ತದೆ. ಸಾಮಾನ್ಯವಾಗಿ ಆಹಾರ ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆಯುವುದು 5ರಿಂದ 60 ಡಿಗ್ರಿಯ ನಡುವೆ, ಅಡುಗೆ ಈ ನಡುವಿನ ವಲಯದಲ್ಲಿ ಎಷ್ಟು ಕಡಿಮೆ ಹೊತ್ತು ಇರುತ್ತದೋ ಅಷ್ಟು ಕ್ಷೇಮ. ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ: ಹೊಗೆಯಾಡುವ ದೊಡ್ಡ ಪಾತ್ರೆಯನ್ನು ಹಾಗೆಯೇ ಒಳಗಿಟ್ಟರೆ ಪಕ್ಕದ ಹಾಲು, ಮೊಸರುಗಳು ಬಿಸಿಯಾಗುತ್ತವೆ, ಪಾತ್ರೆಯ ನಡುಭಾಗ ಗಂಟೆಗಳ ಕಾಲ ಬೆಚ್ಚಗೇ ಉಳಿಯುತ್ತದೆ. ಆದರೆ ಪೂರ್ತಿ ತಣ್ಣಗಾಗಲಿ ಎಂದು ರಾತ್ರಿಯಿಡೀ ಹೊರಗೆ ಬಿಡುವುದು ಇನ್ನೂ ಕೆಟ್ಟದ್ದು. ಅಡುಗೆಯನ್ನು ಅಗಲವಾದ ಪಾತ್ರೆಗೆ ಹರಡಿ, ತಣ್ಣೀರು ತುಂಬಿದ ಬೋಗುಣಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಕೈಗೆ ಬೆಚ್ಚಗೆನಿಸುವ ಹಂತದಲ್ಲಿ ಫ್ರಿಜ್‌ಗೆ ಸೇರಿಸಿ. ಒಟ್ಟು ಎರಡು ಗಂಟೆ ಮೀರದಿರಲಿ.

ನಿಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳಲಾಗದು. ಬಾಗಿಲು ತೆರೆಯದೆ ಇದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತನ್ನ ತಂಪನ್ನು ಕಾಪಾಡಿಕೊಳ್ಳುತ್ತದೆ. ತುಂಬಿದ ದೊಡ್ಡ ಫ್ರೀಜರ್ ಎರಡು ದಿನದವರೆಗೂ ತಾಳಬಹುದು. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯವನ್ನಿಟ್ಟು ಫ್ರೀಜರಿನಲ್ಲೇ ಬಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ಲೋಟದ ತಳದಲ್ಲಿದ್ದರೆ, ನೀವಿಲ್ಲದಾಗ ಮಂಜು ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ. ಅಲ್ಲಿದ್ದ ಆಹಾರವನ್ನು ಬಳಸಬೇಡಿ.

ಹಾಲು ಒಡೆಯುವ ಪ್ರಶ್ನೆಗೆ ಬರುತ್ತೇನೆ. ಬೆಲ್ಲದಲ್ಲಿ ಸ್ವಲ್ಪ ಆಮ್ಲವೂ ಖನಿಜಾಂಶಗಳೂ ಇವೆ, ಅಲ್ಪಸ್ವಲ್ಪ ಹುಳಿತ ಜೋನಿಬೆಲ್ಲದಲ್ಲಿ ಆಮ್ಲ ಇನ್ನೂ ಹೆಚ್ಚು. ತಣ್ಣಗಿನ ಹಾಲು ತಾಳಿಕೊಳ್ಳುವಷ್ಟು ಆಮ್ಲವನ್ನು ಕುದಿಯುವ ಹಾಲು ತಾಳಿಕೊಳ್ಳುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಕೇಸೀನ್ ಬೇಗ ಗಂಟು ಕಟ್ಟುತ್ತದೆ. ಆದ್ದರಿಂದ ಬೆಲ್ಲವನ್ನು ಬೇರೆಯಾಗಿ ಕುದಿಸಿ ಸೋಸಿಟ್ಟುಕೊಂಡು, ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಹತ್ತು ನಿಮಿಷ ಆರಿದ ಮೇಲೆ ಬೆರೆಸಿ, ಮತ್ತೆ ಒಲೆಯ ಮೇಲಿಡಬೇಡಿ. ಕಷಾಯಕ್ಕೂ ಇದೇ ಕ್ರಮ. ಕಾಯಿಹಾಲು ಹಾಕುವ ಪಾಯಸದಲ್ಲಿ ಆ ಹಾಲನ್ನು ಕೊನೆಗೆ ಹಾಕಿ ಕುದಿಸಬಾರದು ಎನ್ನುವುದಕ್ಕೂ ಕಾರಣವಿದೆ: ಅದರ ಎಣ್ಣೆಯನ್ನು ನೀರಿನೊಡನೆ ಹಿಡಿದಿಟ್ಟಿರುವ ಪ್ರೋಟೀನುಗಳು 80 ಡಿಗ್ರಿಯ ಸುಮಾರಿಗೆ ಗಟ್ಟಿಯಾಗಿ ಹಿಡಿತ ಬಿಡುತ್ತವೆ. ತಂಬುಳಿಯ ಮಜ್ಜಿಗೆಯನ್ನು ನಾವು ಕುದಿಸುವುದೇ ಇಲ್ಲ; ಮಜ್ಜಿಗೆಹುಳಿಗೆ ಕಾಯಿಯ ಜೊತೆ ಒಂದಿಷ್ಟು ಅಕ್ಕಿ ರುಬ್ಬಿ ಹಾಕಿದರೆ ಪಿಷ್ಟವು ಪ್ರೋಟೀನಿನ ಕಣಗಳು ಒಂದನ್ನೊಂದು ಸೇರದಂತೆ ತಡೆದು, ಒಂದು ಕುದಿ ಬಂದರೂ ಅದು ಒಡೆಯದಂತೆ ಕಾಪಾಡುತ್ತದೆ.

ಎತ್ತರದಿಂದ ನೀರಿನ ಕುದಿಯುವ ಬಿಂದು ಬದಲಾಗುತ್ತದೆ ಎಂಬುದನ್ನು ಓದಿದವರು ಆಗುಂಬೆಯಲ್ಲಿ ಬೇಳೆ ಬೇಯದಿರುವುದಕ್ಕೆ ಅದನ್ನೇ ಕಾರಣವೆನ್ನುವುದುಂಟು. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು 1 ಡಿಗ್ರಿ ಇಳಿಯುತ್ತದೆ. ಶಿವಮೊಗ್ಗದಲ್ಲೂ ಆಗುಂಬೆಯಲ್ಲೂ ನೀರು ಹೆಚ್ಚುಕಡಿಮೆ 98 ಡಿಗ್ರಿಯಲ್ಲೇ ಕುದಿಯುತ್ತದೆ. ಕೆಮ್ಮಣ್ಣುಗುಂಡಿಯ ಎತ್ತರದಲ್ಲಿ 95 ಡಿಗ್ರಿಗೆ ಇಳಿಯುತ್ತದೆ, ಅಲ್ಲಿ ಕುಕ್ಕರ್ ಇಲ್ಲದೆ ಬೇಯಿಸುವವರಿಗೆ ವ್ಯತ್ಯಾಸ ತಿಳಿದೀತು. ನಿಮ್ಮ ಮನೆಯ ಬೇಳೆ ಬೇಯದಿದ್ದರೆ ಅದು ಹಳೆಯ ಬೇಳೆಯೋ, ಗಡಸು ನೀರೋ ಇರಬೇಕು.

ಕೊನೆಯದಾಗಿ ಮಾವನವರ ಕಾಫಿ. ಪುಡಿಯಿಂದ ರುಚಿ ಸರಿಯಾಗಿ ಇಳಿಯಲು 90ರಿಂದ 96 ಡಿಗ್ರಿಯ ನೀರು ಬೇಕು. ನಿಮ್ಮಲ್ಲಿ ಕುದಿದ ನೀರನ್ನು ಅರ್ಧ ನಿಮಿಷ ಬಿಟ್ಟು ಫಿಲ್ಟರಿಗೆ ಹೊಯ್ದರೆ ಸರಿಹೋಗುತ್ತದೆ. ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲೆ ಕುದಿಸಬಾರದು, ಪರಿಮಳ ಆವಿಯಾಗಿ ಹೋಗಿ ಕಹಿ ಒಗರುಗಳು ಉಳಿಯುತ್ತವೆ. ಬಿಸಿ ಮಾಡಲೇಬೇಕಾದರೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಬಿಸಿಯನ್ನು ಹಾಲಿನಿಂದ ಪಡೆಯಿರಿ. ಕುಡಿಯುವ ಬಿಸಿಯ ಬಗ್ಗೆ ನಿಮ್ಮ ಕಾಳಜಿ ಸರಿಯಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವುದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಅಭ್ಯಾಸಗಳ ಗುಂಪಿಗೆ ಸೇರಿಸಿತು. ಅಲ್ಲಿ ದೋಷ ಕಾಫಿಯದಾಗಲಿ ಚಹಾದ್ದಾಗಲಿ ಅಲ್ಲ, ಅನ್ನನಾಳವನ್ನು ದಿನವೂ ಸುಡುವ ಬಿಸಿಯದು. ಒಲೆಯಿಂದ ಆಗತಾನೇ ಇಳಿಸಿದ ಕಾಫಿ 80 ಡಿಗ್ರಿಯನ್ನು ಮೀರಿರಬಹುದು. ಲೋಟದಿಂದ ಲೋಟಕ್ಕೆ ನಾಲ್ಕೈದು ಬಾರಿ ಎತ್ತಿ ಹೊಯ್ದರೆ ಆವಿ ಹೋಗಿ ಬಿಸಿ ಬೇಗನೆ ಇಳಿಯುತ್ತದೆ, ನೊರೆಯೂ ಬರುತ್ತದೆ. 60 ಡಿಗ್ರಿಯ ಸುಮಾರಿನ ಕಾಫಿಯಲ್ಲಿ ಸಿಹಿಯೂ ಪರಿಮಳವೂ ನಾಲಿಗೆಗೆ ಇನ್ನೂ ಚೆನ್ನಾಗಿ ತಿಳಿಯುವುದರಿಂದ, ಮಾವನವರಿಗೆ ಆರೋಗ್ಯದ ಮಾತಿಗಿಂತ ಮೊದಲು ಈ ರುಚಿಯ ಮಾತನ್ನು ಹೇಳಿ, ಒಂದು ವಾರ ಹಾಗೆ ಹೊಯ್ದು ಕೊಟ್ಟು ನೋಡಿ.